ಎಫ್‌ಎಎಸ್‌ಡಿ ಇರುವವರಿಗೆ ಸರ್ಕಾರದ ನೆರವು: ಕರ್ನಾಟಕದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಿಯ ಹೊಟ್ಟೆಯಲ್ಲಿದ್ದಾಗ ಮದ್ಯದ ಪ್ರಭಾವಕ್ಕೆ ಒಳಗಾದ ಮಗುವಿನ ಮೆದುಳು ಮತ್ತು ದೇಹದ ಬೆಳವಣಿಗೆಯಲ್ಲಿ ಉಂಟಾಗಿ, ಜೀವನಪೂರ್ತಿ ಜೊತೆಗಿರುವ ತೊಂದರೆಗಳ ಸಮೂಹವನ್ನು ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಸಂಕ್ಷಿಪ್ತವಾಗಿ ಎಫ್‌ಎಎಸ್‌ಡಿ ಎನ್ನುತ್ತಾರೆ. ನೆನಪು, ಗಮನ, ಲೆಕ್ಕ, ಹಣದ ವ್ಯವಹಾರ, ಸಮಯಪ್ರಜ್ಞೆ, ಮುಂದಾಲೋಚನೆ, ಕೋಪದ ಮೇಲಿನ ಹಿಡಿತ ಇವುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕೊರತೆ ಕಾಣಿಸುತ್ತದೆ. ಇಂಥ ಮಗುವನ್ನು ಅಥವಾ ವಯಸ್ಕರನ್ನು ನೋಡಿಕೊಳ್ಳುತ್ತಿರುವ ಕುಟುಂಬಗಳು ಸರ್ಕಾರದ ಯಾವ ನೆರವನ್ನು, ಯಾವ ದಾರಿಯಲ್ಲಿ ಪಡೆಯಬಹುದು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ.

ಎಫ್‌ಎಎಸ್‌ಡಿ ಎಂಬ ಹೆಸರಿನಲ್ಲೇ ಸಿಗುವ ಯೋಜನೆ ಯಾವುದಾದರೂ ಇದೆಯೇ?

ಇಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಅದು ಜಾರಿಗೆ ಬಂದ 2017ರ ಏಪ್ರಿಲ್‌ನಿಂದ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಆ ಅನುಸೂಚಿಯಲ್ಲಿ ಎಫ್‌ಎಎಸ್‌ಡಿ ಇಲ್ಲ. ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಬೇರೆ ವರ್ಗಗಳನ್ನು ಸೇರಿಸಬಹುದು ಎಂದು ಅದೇ ಅನುಸೂಚಿ ಹೇಳುತ್ತದೆಯಾದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಇಂದಿನ ಮಟ್ಟಿಗೆ ಈ ಹೆಸರನ್ನು ಹಿಡಿದುಕೊಂಡು ಕಚೇರಿಗೆ ಹೋದರೆ ಯಾವ ಕಡತವೂ ತೆರೆಯುವುದಿಲ್ಲ.

ಕಾರಣವನ್ನು ನೋಡಿಯೇ ನೆರವು ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವೆಂದೇನಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರಿಗೆ ರಾಜ್ಯ ಸರ್ಕಾರ ಪ್ರತ್ಯೇಕ ಮಾಸಾಶನ ಕೊಡುತ್ತಿದೆ. ಅದು ವರ್ಷಗಟ್ಟಲೆ ನಡೆದ ಹೋರಾಟದ ಫಲ. ಗರ್ಭದಲ್ಲಿ ಮದ್ಯದಿಂದ ಹಾನಿಗೊಳಗಾದ ಮಕ್ಕಳ ಪರವಾಗಿ ಅಂಥ ಹೋರಾಟ ನಡೆದಿಲ್ಲ, ತಾಯಂದಿರು ಮುಂದೆ ಬಂದು ಮಾತನಾಡುವ ವಾತಾವರಣವೂ ಇಲ್ಲ. ಆದ್ದರಿಂದ ಉಳಿದಿರುವ ದಾರಿ ಒಂದೇ: ತೊಂದರೆ ಯಾವುದರಿಂದ ಬಂತು ಎಂಬುದನ್ನು ಬದಿಗಿಟ್ಟು, ಆ ತೊಂದರೆಯಿಂದ ದಿನನಿತ್ಯದ ಬದುಕಿನಲ್ಲಿ ಏನೇನು ಸಾಧ್ಯವಾಗುತ್ತಿಲ್ಲ ಎಂಬುದನ್ನು ದಾಖಲೆಯಲ್ಲಿ ತೋರಿಸುವುದು. ಮುಂದಿನ ಬಹುತೇಕ ಉತ್ತರಗಳು ಇದರ ಮೇಲೆಯೇ ನಿಂತಿವೆ.

ಹಾಗಾದರೆ ಯಾವ ವರ್ಗದಡಿ ವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು?

ಮಗುವಿನಲ್ಲಿ ಎದ್ದು ಕಾಣುವ ಕೊರತೆ ಯಾವುದೋ ಆ ವರ್ಗದಡಿ. ಹೆಚ್ಚಿನವರಿಗೆ ಹೊಂದುವುದು ಬೌದ್ಧಿಕ ವೈಕಲ್ಯ. ಕೆಲವರಿಗೆ ಆಟಿಸಂ ಕೂಡ ಇರುತ್ತದೆ. ಇನ್ನು ಕೆಲವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ವೈಕಲ್ಯ, ಶ್ರವಣದೋಷ ಅಥವಾ ದೃಷ್ಟಿದೋಷ ಇರಬಹುದು. ಮದ್ಯವು ಭ್ರೂಣದ ಮೆದುಳನ್ನಷ್ಟೇ ಮುಟ್ಟಿ ಸುಮ್ಮನಾಗುವುದಿಲ್ಲ, ಹೃದಯ, ಮೂತ್ರಪಿಂಡ, ಕಣ್ಣು, ಕಿವಿ, ಮೂಳೆಗಳ ಮೇಲೂ ಪರಿಣಾಮ ಬೀರಬಹುದು. ಆದ್ದರಿಂದ ಒಂದೇ ವಿಭಾಗದಲ್ಲಿ ತೋರಿಸಿ ಮನೆಗೆ ಹಿಂತಿರುಗದೆ, ಕಿವಿ ಮತ್ತು ಕಣ್ಣಿನ ಪರೀಕ್ಷೆಯನ್ನೂ ಅದೇ ಸುತ್ತಿನಲ್ಲಿ ಮಾಡಿಸುವುದು ಒಳ್ಳೆಯದು. ಇದು ಚಿಕಿತ್ಸೆಯ ದೃಷ್ಟಿಯಿಂದಷ್ಟೇ ಹೇಳಿದ ಮಾತಲ್ಲ. ಪ್ರಮಾಣಪತ್ರದ ಲೆಕ್ಕಾಚಾರಕ್ಕೂ ಅದು ಹೇಗೆ ಉಪಯೋಗಕ್ಕೆ ಬರುತ್ತದೆಂಬುದು ಮುಂದಿನ ಉತ್ತರದಲ್ಲಿದೆ.

ಮಗನ ಐಕ್ಯೂ, ಅಂದರೆ ಬುದ್ಧಿಮತ್ತೆಯ ಅಂಕ 78 ಎಂದು ಬಂದಿದೆ. ಆಸ್ಪತ್ರೆಯವರು ‘ಇದು ಬಾರ್ಡರ್‌ಲೈನ್, ಪ್ರಮಾಣಪತ್ರ ಪ್ರಯೋಜನಕ್ಕೆ ಬರುವುದಿಲ್ಲ’ ಎನ್ನುತ್ತಾರೆ. ಏನು ಮಾಡುವುದು?

ಎಫ್‌ಎಎಸ್‌ಡಿ ಇರುವ ಬಹಳ ಮಂದಿ ಸಿಕ್ಕಿಕೊಳ್ಳುವ ಜಾಗ ಇದೇ. ಸರ್ಕಾರದ ಬಹುಪಾಲು ಸವಲತ್ತುಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಬೇಕು. ಬೌದ್ಧಿಕ ವೈಕಲ್ಯವನ್ನು ಅಳೆಯಲು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕದ, ಅಂದರೆ ಆಸ್ಪತ್ರೆಗಳಲ್ಲಿ ವಿಎಸ್‌ಎಂಎಸ್ ಎಂದು ಕರೆಯುವ ಮಾಪಕದ ಅಂಕಗಳನ್ನು ಆಧಾರವಾಗಿಟ್ಟುಕೊಂಡಿತು (2024ರ ಮಾರ್ಚ್‌ನಲ್ಲಿ ಅದರ ಬದಲಿಗೆ ಹೊಸ ಮಾರ್ಗಸೂಚಿ ಬಂದಿರುವುದರಿಂದ ಸದ್ಯದ ಲೆಕ್ಕವನ್ನು ಆಸ್ಪತ್ರೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ). ಅದರಲ್ಲಿ 55ರಿಂದ 69 ಬಂದರೆ ಶೇ 50, 36ರಿಂದ 54 ಬಂದರೆ ಶೇ 75 ವೈಕಲ್ಯ. 70ರಿಂದ 84ರ ನಡುವೆ ಇದ್ದರೆ ಕೇವಲ ಶೇ 25. ಕಲಿಕಾ ನ್ಯೂನತೆಯ ಬಾಗಿಲು ತಟ್ಟೋಣವೆಂದರೆ, ಅದೇ ಮಾರ್ಗಸೂಚಿಯ ಪ್ರಕಾರ ಆ ಪರೀಕ್ಷೆಗೆ ಮುಂದುವರಿಯಲು ಐಕ್ಯೂ 85ಕ್ಕಿಂತ ಮೇಲಿರಬೇಕು. ಹೀಗೆ 70 ಮತ್ತು 85ರ ನಡುವಿನ ಮಗು ಒಂದು ವರ್ಗಕ್ಕೆ ಬುದ್ಧಿವಂತನಾಗಿಯೂ ಇನ್ನೊಂದಕ್ಕೆ ದಡ್ಡನಾಗಿಯೂ ಕಂಡು ಎರಡೂ ಕಡೆಯಿಂದ ಹೊರಗುಳಿಯುತ್ತದೆ. ಮಾರ್ಗಸೂಚಿ ಬರೆದವರು ಈ ಅಂತರವನ್ನು ತುಂಬಬೇಕಿತ್ತು.

ಆದರೂ ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಐಕ್ಯೂ ಮತ್ತು ವಿಎಸ್‌ಎಂಎಸ್ ಬೇರೆಬೇರೆ. ಐಕ್ಯೂ ಪರೀಕ್ಷೆ ಶಾಂತವಾದ ಕೋಣೆಯಲ್ಲಿ, ಒಬ್ಬರೇ ಎದುರು ಕುಳಿತು ಕೇಳುವ ಪ್ರಶ್ನೆಗಳಿಗೆ ಮಗು ಏನು ಉತ್ತರಿಸುತ್ತದೆ ಎಂಬುದನ್ನು ನೋಡುತ್ತದೆ. ವಿಎಸ್‌ಎಂಎಸ್ ಅದು ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಏನು ಮಾಡಬಲ್ಲದು ಎಂಬುದನ್ನು ನೋಡುತ್ತದೆ. ಎಫ್‌ಎಎಸ್‌ಡಿಯಲ್ಲಿ ಎರಡನೆಯ ಅಂಕ ಮೊದಲನೆಯದಕ್ಕಿಂತ ಕೆಳಗಿರುವುದು ಸಾಮಾನ್ಯ. ಐಕ್ಯೂ 78 ಇರುವ ಹುಡುಗನ ಸಾಮಾಜಿಕ ಪ್ರಬುದ್ಧತೆ 62 ಬರುವುದು ಅಸಂಭವವಲ್ಲ. ಆದ್ದರಿಂದ ಐಕ್ಯೂ ವರದಿಯನ್ನಷ್ಟೇ ನೋಡಿ ಕಳುಹಿಸಿಬಿಟ್ಟಿದ್ದರೆ, ಹೊಂದಾಣಿಕೆಯ ಸಾಮರ್ಥ್ಯವನ್ನೂ, ಅಂದರೆ ದಿನನಿತ್ಯದ ಬದುಕು ನಡೆಸುವ ಶಕ್ತಿಯನ್ನೂ ವಿಎಸ್‌ಎಂಎಸ್‌ನಿಂದ ಅಳೆಯಿರಿ ಎಂದು ಲಿಖಿತವಾಗಿ ಕೇಳಿ. ಬೌದ್ಧಿಕ ವೈಕಲ್ಯದ ಕಾನೂನಿನ ವ್ಯಾಖ್ಯೆಯಲ್ಲೇ ಯೋಚನಾಶಕ್ತಿಯ ಮಿತಿಯ ಜೊತೆಗೆ ದಿನನಿತ್ಯದ ನಡವಳಿಕೆಯ ಮಿತಿಯೂ ಸೇರಿದೆ.

ಎರಡನೆಯದು, ಒಂದಕ್ಕಿಂತ ಹೆಚ್ಚು ವೈಕಲ್ಯಗಳಿದ್ದರೆ ಅವನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವಿದೆ. 90ರಿಂದ ದೊಡ್ಡ ಅಂಕವನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಕೂಡಿಸುತ್ತಾರೆ. ಉದಾಹರಣೆಗೆ ಶ್ರವಣದೋಷ ಶೇ 30, ಬೌದ್ಧಿಕ ವೈಕಲ್ಯ ಶೇ 25 ಇದ್ದರೆ ಒಟ್ಟು ಶೇ 46ಕ್ಕೂ ಸ್ವಲ್ಪ ಮೇಲಾಗುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಎರಡೂ ಉಪಯೋಗಕ್ಕೆ ಬಾರದ ಅಂಕಗಳೇ. ಕೂಡಿಸಿದಾಗ ಗೆರೆ ದಾಟುತ್ತವೆ. ಕಿವಿ, ಕಣ್ಣು ಪರೀಕ್ಷಿಸಿ ಎಂದು ಹಿಂದೆ ಹೇಳಿದ್ದು ಇದಕ್ಕಾಗಿಯೇ.

ವಿಎಸ್‌ಎಂಎಸ್ ಸಂದರ್ಶನದಲ್ಲಿ ಪೋಷಕರು ಹೇಗೆ ಉತ್ತರಿಸಬೇಕು?

ಇದ್ದದ್ದನ್ನು ಇದ್ದಂತೆ, ಆದರೆ ಪೂರ್ತಿಯಾಗಿ ಹೇಳಬೇಕು. ಈ ಮಾಪಕದ ಭಾರತೀಯ ರೂಪದಲ್ಲಿ 15 ವರ್ಷದವರೆಗಿನ ವಯಸ್ಸಿಗೆ ಹಂಚಿದ 89 ಅಂಶಗಳಿವೆ. ಬಹುಪಾಲು ಮಾಹಿತಿಯನ್ನು ಮನಶ್ಶಾಸ್ತ್ರಜ್ಞರು ತಂದೆ ತಾಯಿಯನ್ನು ಕೇಳಿಯೇ ಪಡೆಯುತ್ತಾರೆ. ಹೊರಗಿನವರ ಎದುರು ಮಗುವಿನ ಮಾನ ಕಾಪಾಡುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ‘ಅಂಗಡಿಗೆ ಹೋಗಿ ಬರ್ತಾನಾ?’ ಎಂದರೆ ‘ಓ, ಹೋಗ್ತಾನೆ’ ಎಂದುಬಿಡುತ್ತೇವೆ. ನಡೆಯುವುದು ಬೇರೆ. ಹದಿಮೂರು ವರ್ಷದ ಹುಡುಗನ ಕೈಗೆ ನೂರು ರೂಪಾಯಿಯ ನೋಟು ಕೊಟ್ಟು ಅರ್ಧ ಲೀಟರ್ ಹಾಲು ತರಲು ಕಳುಹಿಸಿದರೆ ಅವನು ಹಾಲನ್ನೇನೋ ತರುತ್ತಾನೆ. ಚಿಲ್ಲರೆ ಎಣಿಸಿರುವುದಿಲ್ಲ, ದಾರಿಯಲ್ಲಿ ಯಾರೋ ಕೇಳಿದರೆಂದು ಇಪ್ಪತ್ತು ರೂಪಾಯಿ ಕೊಟ್ಟು ಬಂದಿರುತ್ತಾನೆ, ನಿನ್ನೆ ಹೇಳಿಕೊಟ್ಟದ್ದು ಇಂದು ನೆನಪಿರುವುದಿಲ್ಲ. ಸಂದರ್ಶನದಲ್ಲಿ ಹೇಳಬೇಕಾದದ್ದು ಈ ಎರಡನೆಯ ಭಾಗ.

ಸ್ನಾನ ತಾನೇ ಮಾಡುತ್ತಾಳೆ ಎಂದರೆ, ಪ್ರತಿದಿನ ಎಷ್ಟು ಸಲ ನೆನಪಿಸಬೇಕು, ಸೋಪು ಹಚ್ಚದೆ ನೀರು ಸುರಿದುಕೊಂಡು ಬರುತ್ತಾಳೆಯೇ ಎಂಬುದೂ ಉತ್ತರದ ಭಾಗವೇ. ಒಂದೆರಡು ವಾರ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಇಂಥ ಘಟನೆಗಳನ್ನು ಬರೆದಿಟ್ಟುಕೊಂಡು ಹೋಗಿ. ಜೊತೆಗೆ ತರಗತಿಯ ಶಿಕ್ಷಕರಿಂದ ಅರ್ಧ ಪುಟದ ಪತ್ರ ತನ್ನಿ. ‘ತುಂಟ, ಗಮನ ಕೊಡುವುದಿಲ್ಲ’ ಎಂಬ ಪತ್ರ ಉಪಯೋಗವಿಲ್ಲ. ‘ಎರಡು ಹಂತದ ಸೂಚನೆ ಕೊಟ್ಟರೆ ಎರಡನೆಯದನ್ನು ಮರೆಯುತ್ತಾನೆ, ಐದನೆಯ ತರಗತಿಯಲ್ಲಿದ್ದರೂ ಗಡಿಯಾರ ನೋಡಲು ಬರುವುದಿಲ್ಲ’ ಎಂಬ ಪತ್ರ ಉಪಯೋಗಕ್ಕೆ ಬರುತ್ತದೆ. ಉತ್ಪ್ರೇಕ್ಷೆ ಮಾತ್ರ ಬೇಡ. ಅನುಭವಿ ಮನಶ್ಶಾಸ್ತ್ರಜ್ಞರಿಗೆ ಅದು ಕೂಡಲೇ ತಿಳಿಯುತ್ತದೆ, ನಿಜವಾದ ತೊಂದರೆಯ ಮೇಲೂ ಅನುಮಾನ ಬರುತ್ತದೆ.

ಎಫ್‌ಎಎಸ್‌ಡಿ ಎಂಬ ರೋಗನಿರ್ಣಯ ಮೊದಲೇ ಆಗಿರಬೇಕೇ? ಅದನ್ನು ಯಾರು ಮಾಡುತ್ತಾರೆ?

ಪ್ರಮಾಣಪತ್ರಕ್ಕೆ ಅದು ಕಡ್ಡಾಯವಲ್ಲ. ಆದರೆ ಮಗುವನ್ನು ಅರ್ಥಮಾಡಿಕೊಳ್ಳಲು, ತಪ್ಪು ಔಷಧ, ತಪ್ಪು ಶಿಕ್ಷೆಗಳಿಂದ ಕಾಪಾಡಲು ಅದರಿಂದ ಬಹಳ ಪ್ರಯೋಜನವಿದೆ. ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಚಿಕ್ಕದಾದ ಕಣ್ಣಿನ ಸೀಳು, ಮೂಗು ಮತ್ತು ತುಟಿಯ ನಡುವೆ ಗುಳಿಯಿಲ್ಲದ ನಯವಾದ ಚರ್ಮ, ತೆಳುವಾದ ಮೇಲ್ದುಟಿ ಈ ಮೂರೂ ಇದ್ದರೆ ವೈದ್ಯರಿಗೆ ಸುಳಿವು ಸಿಗುತ್ತದೆ. ಬಹುಪಾಲು ಮಂದಿಯ ಮುಖದಲ್ಲಿ ಇವು ಇರುವುದೇ ಇಲ್ಲ. ಅಂಥವರಲ್ಲಿ ತಾಯಿ ಗರ್ಭಿಣಿಯಾಗಿದ್ದಾಗ ಮದ್ಯ ಸೇವಿಸಿದ್ದರೆಂಬ ಮಾಹಿತಿ ಖಚಿತವಾಗಿರಬೇಕು. ಕೆನಡಾದ 2015ರ ಮಾರ್ಗಸೂಚಿಯ ಪ್ರಕಾರ ಮೆದುಳಿನ ಹತ್ತು ಕಾರ್ಯಕ್ಷೇತ್ರಗಳಲ್ಲಿ ಕನಿಷ್ಠ ಮೂರರಲ್ಲಿ ತೀವ್ರ ಕೊರತೆ ಕಂಡುಬರಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗ ಇವು ಮೊದಲು ಹೋಗಬೇಕಾದ ಜಾಗಗಳು. ಮಾತಿನ ತೊಂದರೆ ಹೆಚ್ಚಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಮದ್ಯ ಸೇವಿಸುವವರು ಶೇ 1.3 ಮಾತ್ರ. ಹೀಗಾಗಿ ಗರ್ಭಾವಸ್ಥೆಯಲ್ಲಿ ಮದ್ಯದ ಬಗ್ಗೆ ಕೇಳಬೇಕೆಂಬುದು ನಮ್ಮ ಅನೇಕ ವೈದ್ಯರಿಗೆ ಹೊಳೆಯುವುದೇ ಇಲ್ಲ. ಅವರು ಕೇಳದಿದ್ದರೆ ನೀವೇ ಹೇಳಬೇಕಾಗುತ್ತದೆ.

ಗರ್ಭಿಣಿಯಾಗಿದ್ದಾಗ ಕುಡಿದಿದ್ದೆ ಎಂದು ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆಯೇ? ಕಾಗದದಲ್ಲಿ ಬರೆಯುತ್ತಾರೆಯೇ?

ಇಲ್ಲ. ಗರ್ಭಿಣಿ ಮದ್ಯ ಸೇವಿಸುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ವೈದ್ಯರಿಗೆ ಹೇಳಿದ್ದು ಗೋಪ್ಯವಾಗಿರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ. ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿಯಲ್ಲಿ ವೈಕಲ್ಯ ಹುಟ್ಟಿನಿಂದ ಬಂದದ್ದೇ ಎಂಬ ಪ್ರಶ್ನೆಗೆ ಹೌದು ಎಂದರೆ ಸಾಕು. ಗರ್ಭ ನಿಂತಿರುವುದೇ ತಿಳಿಯದೆ ಮೊದಲ ವಾರಗಳಲ್ಲಿ ಕುಡಿದವರು, ಮನೆಯ ಹಿಂಸೆ ತಾಳಲಾರದೆ ಕುಡಿದವರು, ವ್ಯಸನಕ್ಕೆ ಚಿಕಿತ್ಸೆ ಸಿಗದವರು ಹೀಗೆ ಒಬ್ಬೊಬ್ಬರ ಕಥೆ ಒಂದೊಂದು. ಮಾರುವ ಬಾಟಲಿಯ ಮೇಲೆ ಸರ್ಕಾರ ಕಡ್ಡಾಯ ಮಾಡಿರುವ ಎಚ್ಚರಿಕೆಯಾದರೂ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆಯೇ ಹೊರತು ಗರ್ಭಿಣಿಯರ ಮಾತೆತ್ತುವುದಿಲ್ಲ. ತಾಯಿಗೆ ಈಗಲೂ ಕುಡಿತ ಬಿಡಲು ಸಹಾಯ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗುವಿಗೆ ಇನ್ನೂ ಮೂರು ವರ್ಷ. ಈಗಲೇ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ, ಮತ್ತು ಬೇಗ ಹೋದಷ್ಟೂ ಲಾಭ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ; ಅಂಗನವಾಡಿಗೆ ಬರುವ ತಂಡದವರು ಬೆಳವಣಿಗೆಯಲ್ಲಿ ಹಿಂದಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ ಇದನ್ನು ಡಿಇಐಸಿ ಎಂದರೆ ಗೊತ್ತಾಗುತ್ತದೆ. ವಾಕ್ ಚಿಕಿತ್ಸೆ, ಫಿಸಿಯೋಥೆರಪಿ ಮುಂತಾದವು ಅಲ್ಲಿ ಉಚಿತ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅವರು ಬರೆದುಕೊಟ್ಟ ಚೀಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೇರವಾಗಿಯೂ ಹೋಗಬಹುದು.

ಪ್ರಮಾಣಪತ್ರದ ವಿಷಯದಲ್ಲಿ, 2018ರ ಮಾರ್ಗಸೂಚಿಯಂತೆ ಒಂದು ವರ್ಷ ತುಂಬಿದ ಮೇಲೆ, ಐದು ವರ್ಷದವರೆಗೆ ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದು ಬರೆದು ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಐದರ ನಂತರ ಬೌದ್ಧಿಕ ವೈಕಲ್ಯ ಎಂದು ಬರೆಯುತ್ತಾರೆ. 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ.

ಯುಡಿಐಡಿ ಕಾರ್ಡ್ ಮಾಡಿಸುವುದು ಹೇಗೆ?

ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಮನೆಯಲ್ಲಿ ಸಾಧ್ಯವಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಊರಿನಲ್ಲಿ ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುವುದು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ. ಆಧಾರ್, ಫೋಟೊ ಮತ್ತು ವಿಳಾಸದ ದಾಖಲೆಯೊಂದಿಗೆ ಅರ್ಜಿ ಹಾಕಿದ ಮೇಲೆ ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. 2024ರ ತಿದ್ದುಪಡಿ ನಿಯಮಗಳಂತೆ ಶೇ 40ಕ್ಕಿಂತ ಕಡಿಮೆ ವೈಕಲ್ಯಕ್ಕೆ ಬಿಳಿ, ಅದರ ಮೇಲೆ ಹಳದಿ, ಶೇ 80 ಮತ್ತು ಹೆಚ್ಚಿಗೆ ನೀಲಿ ಬಣ್ಣದ ಕಾರ್ಡ್. ಬಿಳಿ ಕಾರ್ಡ್ ಬಂದರೆ ಬಿಸಾಡಬೇಡಿ. ಅದರ ಉಪಯೋಗ ಶಾಲೆಯ ಪ್ರಶ್ನೆಯಲ್ಲಿ ಬರುತ್ತದೆ.

ಮಾಸಾಶನ ಮತ್ತು ಇತರ ಹಣಕಾಸಿನ ನೆರವು ಯಾವುವು?

ಕನಿಷ್ಠ ಶೇ 40 ವೈಕಲ್ಯವಿದ್ದು ಆದಾಯದ ಮಿತಿಯೊಳಗಿರುವವರಿಗೆ ರಾಜ್ಯದ ಅಂಗವಿಕಲ ಮಾಸಾಶನವಿದೆ. ಅರ್ಜಿ ಸಲ್ಲಿಸುವುದು ನಾಡಕಚೇರಿಯಲ್ಲಿ. ವೈಕಲ್ಯದ ಪ್ರಮಾಣ ಹೆಚ್ಚಿದಂತೆ ಮೊತ್ತವೂ ಹೆಚ್ಚುತ್ತದೆ, ಮತ್ತು ಅದು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಸದ್ಯದ ದರವನ್ನು ಅಲ್ಲಿಯೇ ಕೇಳಿ ತಿಳಿಯುವುದು ಸರಿ. ಸಾರಿಗೆ ನಿಗಮಗಳ ಬಸ್ಸಿನಲ್ಲಿ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ರಿಯಾಯಿತಿ ಪಾಸ್ ಸಿಗುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸುಗಳಿಗೆ ಆ ಪಾಸಿನ ಗೊಡವೆಯೇ ಬೇಡ. ಒಬ್ಬರೇ ಪ್ರಯಾಣಿಸಲಾಗದ ಬೌದ್ಧಿಕ ವೈಕಲ್ಯದವರಿಗೂ ಅವರ ಜೊತೆಗಿರುವ ಒಬ್ಬರಿಗೂ ರೈಲಿನ ಸ್ಲೀಪರ್ ಮೊದಲಾದ ದರ್ಜೆಗಳಲ್ಲಿ ಶೇ 75 ರಿಯಾಯಿತಿ ಇದೆ.

ಸಂಬಳದಾರ ತಂದೆ ತಾಯಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಅವಲಂಬಿತ ವಿಕಲಚೇತನ ಮಗುವಿಗಾಗಿ ವರ್ಷಕ್ಕೆ 75,000 ರೂಪಾಯಿಯನ್ನು, ವೈಕಲ್ಯ ಶೇ 80ಕ್ಕೆ ಮುಟ್ಟಿದ್ದರೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. ಕಚೇರಿಯವರು ತಾವಾಗಿಯೇ ಹೊಸ ಪದ್ಧತಿಗೆ ಹಾಕಿರುತ್ತಾರೆ, ನೋಡಿಕೊಳ್ಳಿ.

ಚಿಕಿತ್ಸೆಯ ಖರ್ಚಿಗೆ ವಿಮೆ ಇದೆಯೇ?

ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ, ಅಂದರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಮಾಮೂಲಿ ಆರೋಗ್ಯ ವಿಮೆಗಳಲ್ಲಿ ಸಿಗದ ಹೊರರೋಗಿ ಚಿಕಿತ್ಸೆ ಮತ್ತು ನಿರಂತರ ಥೆರಪಿಯ ಖರ್ಚೂ ಇದರಲ್ಲಿ ಸೇರುತ್ತದೆ, ಮೊದಲೇ ವೈದ್ಯಕೀಯ ತಪಾಸಣೆ ಬೇಕಿಲ್ಲ. ಒಂದೇ ಷರತ್ತೆಂದರೆ ಪ್ರಮಾಣಪತ್ರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯದ್ದಾಗಿರಬೇಕು, ಏಕೆಂದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆ ನಾಲ್ಕನ್ನು ಮಾತ್ರ ಒಳಗೊಂಡಿದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಇದು ಸಿಗುವುದಿಲ್ಲ. ಯಾವ ವರ್ಗದಡಿ ಅರ್ಜಿ ಹಾಕಬೇಕೆಂಬ ತೀರ್ಮಾನಕ್ಕೆ ಮುನ್ನ ಇದು ಗಮನದಲ್ಲಿರಲಿ.

ಶಾಲೆಯಲ್ಲಿ ಮತ್ತು ಪರೀಕ್ಷೆಯಲ್ಲಿ ಏನು ಕೇಳಬಹುದು?

ಶೇ 40 ದಾಟಿದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಬ್ಲಾಕ್‌ನಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಅವರನ್ನು ಭೇಟಿಯಾಗಬಹುದು.

ಶೇ 40 ಮುಟ್ಟದ ಮಗುವಿನ ವಿಷಯವನ್ನು ಶಾಲೆಗಳು ಹೆಚ್ಚಾಗಿ ತಪ್ಪಾಗಿ ತಿಳಿದಿರುತ್ತವೆ. ಮೀಸಲಾತಿಯಂಥ ಸವಲತ್ತುಗಳಿಗೆ ಶೇ 40ರ ಗೆರೆ ಇದೆ ನಿಜ. ಆದರೆ ‘ವಿಕಲಚೇತನ ವ್ಯಕ್ತಿ’ ಎಂಬುದಕ್ಕೆ 2016ರ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ಶೇಕಡಾವಾರು ಇಲ್ಲವೇ ಇಲ್ಲ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ನ್ಯೂನತೆಯಿಂದಾಗಿ, ಸಮಾಜದ ಅಡೆತಡೆಗಳ ನಡುವೆ ಇತರರ ಸಮಾನವಾಗಿ ಪಾಲ್ಗೊಳ್ಳಲಾಗದ ಯಾರೇ ಆದರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ, ಮತ್ತು ಅವರಿಗೆ ಸೂಕ್ತ ಅನುಕೂಲ ಮಾಡಿಕೊಡುವುದು ಶಿಕ್ಷಣ ಸಂಸ್ಥೆಯ ಕರ್ತವ್ಯ. ಹೆಸರಿಲ್ಲದ, ಅಂಕ ಸಾಲದ ಎಫ್‌ಎಎಸ್‌ಡಿ ಮಗುವಿಗೆ ಇದರಷ್ಟು ಬಲ ಕೊಡುವ ಮಾತು ಆ ಕಾಯ್ದೆಯಲ್ಲಿ ಇನ್ನೊಂದಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಲಿಪಿಕಾರರ, ಅಂದರೆ ಪರೀಕ್ಷೆಯಲ್ಲಿ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರ ವಿಷಯದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ, ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿ ಕೇಂದ್ರವು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಬಿಳಿ ಕಾರ್ಡ್ ಇಟ್ಟುಕೊಳ್ಳಿ ಎಂದದ್ದು ಇಂಥ ಸಂದರ್ಭಕ್ಕಾಗಿ.

ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ನೆರವು ಮುಖ್ಯವಾದವು. ಎಸ್‌ಎಸ್‌ಎಲ್‌ಸಿಗೆ ಇವನ್ನು ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಸಾಕಷ್ಟು ಮುಂಚೆಯೇ ಬರೆದು ಕೇಳಬೇಕು. ವರ್ಷಕ್ಕೊಮ್ಮೆ ಎಲ್ಲ ವಿಷಯಗಳನ್ನೂ ಒಟ್ಟಿಗೆ ಬರೆಯಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು ಸಿಗುತ್ತವೆ, ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ನೆನಪಿನ ತೊಂದರೆ ಇರುವ ಮಕ್ಕಳಿಗೆ ಇದು ನಿಜಕ್ಕೂ ಒಗ್ಗುತ್ತದೆ.

ದತ್ತು ತೆಗೆದುಕೊಂಡ ಮಗು. ಹೆತ್ತ ತಾಯಿಯ ವಿಷಯ ಏನೂ ಗೊತ್ತಿಲ್ಲ. ನೆರವಿಗೆ ಅಡ್ಡಿಯೇ?

ಅಡ್ಡಿಯಿಲ್ಲ, ಮೇಲೆ ಹೇಳಿದ ಎಲ್ಲವೂ ದತ್ತು ಮಗುವಿಗೂ ಅನ್ವಯಿಸುತ್ತದೆ. ಮುಖಲಕ್ಷಣಗಳು ಮೂರೂ ಇದ್ದರೆ ತಾಯಿಯ ಇತಿಹಾಸವಿಲ್ಲದೆಯೂ ರೋಗನಿರ್ಣಯ ಸಾಧ್ಯ. ದತ್ತು ಸ್ವೀಕಾರಕ್ಕೆ ಕಾಯುತ್ತಿರುವವರು, ಮಗುವಿನ ವೈದ್ಯಕೀಯ ವರದಿಯನ್ನು ಒಪ್ಪಿಕೊಳ್ಳುವ ಮೊದಲು ತಮ್ಮ ನಂಬಿಕೆಯ ವೈದ್ಯರಿಗೆ ತೋರಿಸಲು ಅವಕಾಶವಿದೆ.

ಹದಿಹರೆಯದ ಮಗನನ್ನು ಕಳ್ಳತನದ ವಿಚಾರಣೆಗೆ ಠಾಣೆಗೆ ಕರೆದಿದ್ದಾರೆ. ಏನು ಮಾಡಬೇಕು?

ಎಫ್‌ಎಎಸ್‌ಡಿ ಇರುವವರು ಎದುರಿಗಿರುವವರನ್ನು ಮೆಚ್ಚಿಸಲು ಕೇಳಿದ್ದಕ್ಕೆಲ್ಲ ಹೌದು ಎನ್ನುವುದುಂಟು, ಮಾಡದ ತಪ್ಪನ್ನೂ ಒಪ್ಪಿಕೊಳ್ಳುವುದುಂಟು. ಆದ್ದರಿಂದ ಒಬ್ಬನನ್ನೇ ಕಳುಹಿಸಬೇಡಿ. 18 ವರ್ಷದೊಳಗಿನವರನ್ನು ಲಾಕಪ್‌ನಲ್ಲಿಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆದಾಯ ಎಷ್ಟೇ ಇರಲಿ, ಮಕ್ಕಳಿಗೂ ವಿಕಲಚೇತನರಿಗೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ವೈದ್ಯರ ವರದಿ ಮತ್ತು ವಿಎಸ್‌ಎಂಎಸ್ ಅಂಕದ ಪ್ರತಿಯನ್ನು ಮೊದಲ ದಿನವೇ ವಕೀಲರ ಕೈಗೆ ಕೊಡಿ.

ಮಗಳಿಗೆ 18 ತುಂಬಿತು. ಅವಳ ಪರವಾಗಿ ನಾವು ಸಹಿ ಹಾಕಬಹುದೇ? ನಮ್ಮ ನಂತರ ಅವಳ ಗತಿ?

18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ತಂದೆ ತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯ ನಾಲ್ಕು ವರ್ಗಗಳಲ್ಲಿ ಒಂದರ ಪ್ರಮಾಣಪತ್ರವಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಕಾನೂನುಬದ್ಧ ಪೋಷಕತ್ವಕ್ಕಾಗಿ ಅರ್ಜಿ ಹಾಕಬೇಕು. ಇದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿಲ್ಲ. ಉಳಿದವರಿಗೆ 2016ರ ಕಾಯ್ದೆಯ ಸೀಮಿತ ಪೋಷಕತ್ವವಿದೆ. ಅದರಲ್ಲಿ ಪೋಷಕರು ಮತ್ತು ಆ ವ್ಯಕ್ತಿ ಕೂಡಿ, ಒಬ್ಬರನ್ನೊಬ್ಬರು ಕೇಳಿ ನಿರ್ಧರಿಸುತ್ತಾರೆ. ಚೆನ್ನಾಗಿ ಮಾತನಾಡುವ, ಆದರೆ ಹಣ ಮತ್ತು ಒಪ್ಪಂದಗಳಲ್ಲಿ ಮೋಸಹೋಗುವ ವಯಸ್ಕರಿಗೆ ಈ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಪೂರ್ಣ ಪೋಷಕತ್ವ ಅವರಿಂದ ಅಗತ್ಯಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತದೆ.

ಕೇಂದ್ರ ಸರ್ಕಾರಿ ನೌಕರರ ಮಗ ಅಥವಾ ಮಗಳು ಮಾನಸಿಕ ಇಲ್ಲವೇ ದೈಹಿಕ ವೈಕಲ್ಯದಿಂದ ಸ್ವಂತ ದುಡಿಮೆ ಮಾಡಲಾಗದಿದ್ದರೆ, ತಂದೆ ತಾಯಿಯ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿ ಪಡೆಯಬಹುದು. ನಿವೃತ್ತಿಗೆ ಮುಂಚೆಯೇ ಆ ಹೆಸರನ್ನು ಸೇವಾ ದಾಖಲೆಯಲ್ಲಿ ಸೇರಿಸಿಡುವುದು ಜಾಣತನ. ಉದ್ಯೋಗದಲ್ಲಿ, ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಾತಿಯಲ್ಲಿ ಶೇ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವೈಕಲ್ಯಗಳಿಗೆ ಒಟ್ಟಾಗಿ ಸೇರುತ್ತದೆ.

ವೈದ್ಯಕೀಯ ಮಂಡಳಿ ಅರ್ಜಿ ತಿರಸ್ಕರಿಸಿದರೆ?

ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ‘ಆಗುವುದಿಲ್ಲ’ದ ಮೇಲೆ ಮೇಲ್ಮನವಿ ಹಾಕಲಾಗದು. ಪ್ರಮಾಣೀಕರಿಸುವ ಪ್ರಾಧಿಕಾರದ ತೀರ್ಮಾನದ ವಿರುದ್ಧ ಮೇಲ್ಮನವಿಗೆ 2016ರ ಕಾಯ್ದೆಯ 59ನೇ ಕಲಂ ಅವಕಾಶ ಕೊಟ್ಟಿದೆ. ಶಾಲೆ ಅಥವಾ ಇಲಾಖೆ ತಾರತಮ್ಯ ಮಾಡಿದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿನ ನೆರವು ಸಿಗುತ್ತದೆಯೇ?

ಸಾಮಾನ್ಯವಾಗಿ ಶಿಕ್ಷಣದ ನೆರವು ಸಿಗುತ್ತದೆ, ನಗದು ಸಿಗುವುದು ವೀಸಾವನ್ನು ಅವಲಂಬಿಸಿದೆ. ಅಮೆರಿಕದಲ್ಲಿ ಎಚ್‌-1ಬಿ ವೀಸಾದವರ ಮಕ್ಕಳಿಗೂ ಸರ್ಕಾರಿ ಶಾಲೆಯ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ ದೊರೆಯುತ್ತದೆ; ಅದಕ್ಕೆ ಪೌರತ್ವ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿಯೂ ನುರಿತ ಕೆಲಸಗಾರರ ವೀಸಾದ ಕುಟುಂಬಗಳಿಗೆ ವೈಕಲ್ಯ ಭತ್ಯೆ ಸಿಗದು, ಶಾಲೆಯ ವಿಶೇಷ ಶಿಕ್ಷಣ ಯೋಜನೆ ಸಿಗುತ್ತದೆ. ಐಕ್ಯೂ 70ರ ಗೆರೆಯ ತಕರಾರು ಅಲ್ಲಿಯೂ ಹೊಸದಲ್ಲ: ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು ಆ ಗೆರೆಯ ಮೇಲಿದ್ದೂ ದಿನನಿತ್ಯದ ಬದುಕು ನಡೆಸಲಾಗದ ಎಫ್‌ಎಎಸ್‌ಡಿ ಮತ್ತು ಆಟಿಸಂ ಇರುವ ವಯಸ್ಕರಿಗೆಂದೇ 2010ರಲ್ಲಿ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ನಮ್ಮ ಮಾರ್ಗಸೂಚಿಯ ಅಂತರವನ್ನು ಹೇಗೆ ತುಂಬಬಹುದೆಂಬುದಕ್ಕೆ ಅದೊಂದು ಮಾದರಿ.

ಊರಿಗೆ ಮರಳುವವರು ಒಂದು ಮಾತು ನೆನಪಿಡಬೇಕು. ಅಲ್ಲಿನ ವರದಿ ಇಲ್ಲಿ ಪ್ರಮಾಣಪತ್ರವಾಗಿ ನಡೆಯುವುದಿಲ್ಲ. ಮತ್ತೆ ಜಿಲ್ಲಾಸ್ಪತ್ರೆಯ ಮಂಡಳಿಯ ಮುಂದೆ ಹೋಗಲೇಬೇಕು. ಆದರೆ ಹೊಂದಾಣಿಕೆಯ ಸಾಮರ್ಥ್ಯದ ಅಂಕಗಳಿರುವ ಪುಟಗಳನ್ನು ಪೂರ್ತಿಯಾಗಿ ಮುದ್ರಿಸಿ ತಂದರೆ ಇಲ್ಲಿನ ಮನಶ್ಶಾಸ್ತ್ರಜ್ಞರ ಕೆಲಸ ಅರ್ಧ ಮುಗಿದಂತೆ. ಹೊರಡುವ ಮುನ್ನ ಶಾಲೆಯಿಂದ ಐಇಪಿಯ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.